ಸುಣ್ಣ ಬಳಿದ ಕಲ್ಲು

ಮೊನ್ನೆ ನಮ್ಮ ಓಣಿಗೆ, ಸವೆದ ಒಳಕಲ್ಲನ್ನು ಉಳಿಯಿಂದ ಒರಟು ಮಾಡಿ ಮುಳ್ಳು ಹಾಕುವವನು ಬಂದಿದ್ದ. ಮಿಕ್ಸರು ಬಂದ ಮೇಲೂ ಹುಬ್ಬಳ್ಳಿಯ ಈ ಹಳೇ ಓಣಿಯಲ್ಲಿ ಒಳಕಲ್ಲು ಇಟ್ಟುಕೊಂಡ ಮನೆಗಳು ನಾಲ್ಕಾದರೂ ಇವೆ. ಎದುರು ಮನೆಯ ಕಟ್ಟೆಯ ಮೇಲೆ ಕೂತು ಅವನು ಉಳಿ ಬಡಿಯತೊಡಗಿದ. ಎರಡು ನಿಮಿಷದಲ್ಲಿ ಆ ವಾಸನೆ ನನ್ನ ಪಡಸಾಲೆಗೆ ಬಂತು. ಉಕ್ಕು ಕಲ್ಲಿಗೆ ತಾಗಿದಾಗ ಏಳುವ, ಕೂದಲು ಸುಟ್ಟಂಥ, ಮೂಗಿನಲ್ಲಿ ಹತ್ತಿ ಕೂಡುವ ವಾಸನೆ. ನಾನು ಎದ್ದು ಹೋಗಿ, "ಇಲ್ಲಿ ಬ್ಯಾಡ, ಆ ಕಡೆ ಹೋಗಿ ಬಡಕೋ" ಎಂದು ರೇಗಿದೆ. ಅವನಿಗೆ ಏನೂ ತಿಳಿಯಲಿಲ್ಲ. ಎದುರು ಮನೆಯಾಕೆಗೂ ತಿಳಿಯಲಿಲ್ಲ; ಮುಪ್ಪಿನಲ್ಲಿ ನರ್ಸಬಾಯಿಗೆ ತಲೆ ಕೆಟ್ಟಿತು ಎಂದುಕೊಂಡಿರಬೇಕು. ಅಂದುಕೊಳ್ಳಲಿ. ಆ ವಾಸನೆಯಲ್ಲಿ ನಾನು ಐದು ತಿಂಗಳು ಬದುಕಿದ್ದೆ, ಇವತ್ತಿಗೂ ಅದು ನನಗೆ ಬೇಡ.

ಆಗ ನಾವಿನ್ನೂ ಮುಂಬಯಿ ರಾಜ್ಯದವರು. ನನಗೆ ಇಪ್ಪತ್ಮೂರು ವರ್ಷ. ಹೆರಿಗೆಯ ತರಬೇತಿ ಮುಗಿಸಿ, ಹೊಸ ಬಿಳಿ ಸೀರೆ ಉಟ್ಟು, ಎದೆಗೆ ಗಡಿಯಾರ ಸಿಕ್ಕಿಸಿಕೊಂಡು, ಸಂಕ್ರಾಂತಿ ಮುಗಿದ ವಾರದಲ್ಲಿ ನರೇಗಲ್ಲಿಗೂ ಗಜೇಂದ್ರಗಡಕ್ಕೂ ನಡುವಿನ ಒಂದು ಹಳ್ಳಿಯಲ್ಲಿ ಬಸ್ಸಿನಿಂದ ಇಳಿದೆ. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯ ಜನ ಬಂದವರ ಎದುರಿಗೇ ಬೈಯುವವರು, ನಾನೂ ಬಿಡುವವಳಲ್ಲ. ರೋಣದ ಕಡೆ ಮುಖ ಮಾಡಿದರೆ ಬಿರುಕು ಬಿಟ್ಟ ಎರೆ ಹೊಲ, ಗಜೇಂದ್ರಗಡದ ಕಡೆ ಮುಖ ಮಾಡಿದರೆ ನೆತ್ತಿಯನ್ನು ಮಟ್ಟಸವಾಗಿ ಕೊಯ್ದಂಥ ಕೆಂಪು ಗುಡ್ಡ. ನಡುವೆ ಗಾಳಿ. ಊಟದಲ್ಲಿ ಮಣ್ಣು, ಹಾಸಿಗೆಯಲ್ಲಿ ಮಣ್ಣು, ಕುದಿಸಿಟ್ಟ ಕತ್ತರಿಯ ಮೇಲೂ ಮಣ್ಣು.

ನನಗೆ ಕೊಟ್ಟದ್ದು ಚಾವಡಿಯ ಒಂದು ಕೋಣೆ. ಗೋಡೆಯ ಆಚೆ ಗೌಡರ ಎಮ್ಮೆ, ಈಚೆ ನಾನು. ಊರಿನ ಹೆಂಗಸರು ಬಾಗಿಲಲ್ಲಿ ನಿಂತು ನನ್ನನ್ನು ಸಂತೆಯ ದನ ನೋಡಿದಂತೆ ನೋಡಿದರು. "ಮದಿವಿ ಆಗದಾಕಿಗಿ ಹೆರಿಗಿ ಏನ ಗೊತ್ತವಾ?" ಎಂದು ಒಬ್ಬಳು ನನಗೆ ಕೇಳುವಂತೆಯೇ ಇನ್ನೊಬ್ಬಳನ್ನು ಕೇಳಿದಳು. ಮೊದಲ ತಿಂಗಳು ಒಬ್ಬಳೂ ನನ್ನನ್ನು ಹೆರಿಗೆಗೆ ಕರೆಯಲಿಲ್ಲ. ಕರೆದದ್ದು ಎಮ್ಮೆ ಈಯುವಾಗ, ಅದೂ ಲಾಟೀನು ಹಿಡಿಯಲಿಕ್ಕೆ.

ಬಂದವಳು ನೀಲವ್ವ ಒಬ್ಬಳೇ. ಅವಳಿಗೆ ಬೇರೆ ದಿಕ್ಕಿರಲಿಲ್ಲ. ಹಿಂದಿನ ಎರಡು ಬಸುರಿನಲ್ಲೂ ಕೂಸು ಹೊಟ್ಟೆಯಲ್ಲಿ ಅಡ್ಡ ಮಲಗಿ, ಊರ ಸೂಲಗಿತ್ತಿ ಕೈ ಹಾಕಿ ಎಳೆದು, ಎರಡೂ ಸತ್ತು ಹುಟ್ಟಿದ್ದವು. ಎರಡನೆಯ ಸಲ ಅವಳೂ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದಳು. ಈಗ ಐದು ತಿಂಗಳು. ಗಂಡ ಫಕೀರಪ್ಪ ನನ್ನ ಬಾಗಿಲಿನ ಹೊರಗೆ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದ. "ಬಾಯಾರ, ಕೂಸು ಹೋದ್ರ ಹೋಗ್ಲಿರಿ, ಈಕಿ ಉಳೀಬೇಕ್ರಿ" ಎಂದ. ಹೆಂಡತಿಯ ಬಗ್ಗೆ ಹಾಗೆ ಮಾತಾಡಿದ ಗಂಡಸನ್ನು ನಾನು ಆ ಊರಿನಲ್ಲಿ ಮತ್ತೆ ನೋಡಲಿಲ್ಲ. ನಾನು ಹುಮ್ಮಸ್ಸಿನಲ್ಲಿ ಹೇಳಿಬಿಟ್ಟೆ: "ಇಬ್ಬರೂ ಉಳೀತಾರ. ಹೊಸಾ ದವಾಖಾನಿಯೊಳಗ, ಸ್ವಚ್ಛ ಖೋಲಿಯೊಳಗ ಹೆರಿಗಿ ಮಾಡಸ್ತೀನಿ." ಲೆಕ್ಕ ಹಾಕಿದರೆ ಜೂನಿನ ಮೊದಲಲ್ಲಿ ಮಿರಗ ಮಳೆ ಕೂಡುವ ಹೊತ್ತಿಗೆ ಅವಳ ದಿನ ತುಂಬುತ್ತಿತ್ತು. ಎಮ್ಮೆಯ ಗಂಜಳ ಹರಿದು ಬರುವ ಆ ಚಾವಡಿಯ ಕೋಣೆಯಲ್ಲಿ ಅಡ್ಡ ಕೂಸನ್ನು ತಿರುಗಿಸುವ ಧೈರ್ಯ ನನಗಿರಲಿಲ್ಲ. ದವಾಖಾನೆ ಅಷ್ಟರಲ್ಲಿ ಏಳಲೇಬೇಕಾಗಿತ್ತು.

ದವಾಖಾನೆ ಎಂದರೆ ಊರ ಹೊರಗೆ ಪಾಯಾ ತುಂಬಿ ಬಿಟ್ಟ ಜಾಗ, ಅದರ ಮುಂದೆ ಗಜೇಂದ್ರಗಡದ ಗುಡ್ಡದಿಂದ ತಂದ ಕಲ್ಲಿನ ರಾಶಿ, ರಾಶಿಯ ಮುಂದೆ ಗೌಂಡಿ ಹುಸೇನಸಾಬ. ಐವತ್ತರ ಆಸುಪಾಸಿನವನು, ಬಲಗಣ್ಣಿಗೆ ಎಂದೋ ಚಕ್ಕೆ ಸಿಡಿದು ರೆಪ್ಪೆ ಅರ್ಧ ಮುಚ್ಚಿತ್ತು. ಅವನಷ್ಟು ನಿಧಾನದ ಮನುಷ್ಯನನ್ನು ನಾನು ಹುಟ್ಟಿದ ಮೇಲೆ ನೋಡಿಲ್ಲ. ಒಂದು ಕಲ್ಲು ಎತ್ತಿಕೊಳ್ಳುವ ಮೊದಲು ಅದರ ಮುಂದೆ ಕುಕ್ಕರಗಾಲಲ್ಲಿ ಕೂಡುವನು. ಅಂಗೈ ಆಡಿಸುವನು. ನೀರು ಚಿಮುಕಿಸಿ, ಆರುವುದನ್ನು ನೋಡುತ್ತ ಬೀಡಿ ಸೇದುವನು. ನಾನು ನಾಡಿ ನೋಡುವ ಗಡಿಯಾರ ತೆಗೆದು ಒಂದು ದಿನ ಎಣಿಸಿದೆ: ಒಂದು ಕಲ್ಲಿನ ಮುಂದೆ ಹನ್ನೊಂದು ನಿಮಿಷ.

"ಕಲ್ಲಿಗೆ ಜ್ವರ ಬಂದಾವೇನು, ಹಂಗ ಮುಟ್ಟಿ ಮುಟ್ಟಿ ನೋಡಾಕ?" ಎಂದೆ.

ಅವನು ತಲೆ ಎತ್ತಲಿಲ್ಲ. "ನಿಮ್ಮ ಗಡಿಯಾಳಕ್ಕ ಜ್ವರ ಬಂದಂಗ ಕಾಣತೈತ್ರಿ. ಭಾಳ ಬಡಕೊಳ್ಳಾಕತ್ತೈತಿ."

ಅವನ ಆಳುಗಳು ಹಲ್ಲು ಕಿಸಿದರು. ಅವತ್ತಿನಿಂದ ನಮಗೆ ಸರಿಬರಲಿಲ್ಲ. ನಾನು ದಿನಾ ಹೋಗಿ ಬೈಯುತ್ತಿದ್ದೆ, ಅವನು ದಿನಾ ಬೈಗುಳವನ್ನು ಬೀಡಿಯ ಹೊಗೆಯ ಜೊತೆ ಬಿಡುತ್ತಿದ್ದ. ಹೆಣ್ಣಿನ ಮಾತು ಕೇಳಬೇಕಾಗಿ ಬಂದದ್ದು ಅವನಿಗೆ ಕಸಿವಿಸಿ. ಅಕ್ಷರ ಬರದವನು ನನಗೆ ತಿರುಗಿ ಮಾತಾಡಿದ್ದು ನನಗೆ ಕಸಿವಿಸಿ. ಇದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಬಿಸಿಲು ಏರಿತು. ಕಲ್ಲಿನ ರಾಶಿಯ ಸಂದಿಗಳಲ್ಲಿ ಚೇಳು ಸೇರಿಕೊಂಡವು. ತಪಾಸಣೆಗೆ ಬಂದ ನೀಲವ್ವ ದಣಿವಾಗಿ ಆ ರಾಶಿಯ ಮೇಲೆ ಕೂತಳು. ಅವಳ ಸೀರೆಯ ನೆರಿಗೆಯಿಂದ ಬೆರಳುದ್ದದ ಕರಿ ಚೇಳನ್ನು ಫಕೀರಪ್ಪ ಕೆರಹಿನಿಂದ ಕೆಡವಿದ. ಬಸುರಿಗೆ ಅದು ಕುಟುಕಿದ್ದರೆ ಎಂಬುದನ್ನು ನೆನೆದು, ಇದಕ್ಕೊಂದು ಮದ್ದು ಮಾಡಲೇಬೇಕೆಂದು ನಿಶ್ಚಯಿಸಿದೆ. ತರಬೇತಿಯಲ್ಲಿ ನನಗೆ ಕಲಿಸಿದ ಮೊದಲ ಪಾಠ ಸುಣ್ಣ. ಗೋಡೆಗೆ ಸುಣ್ಣ, ಮೋರಿಗೆ ಸುಣ್ಣ, ಬಚ್ಚಲಿಗೆ ಸುಣ್ಣ. ಮರುದಿನ ಶುಕ್ರವಾರ, ಹುಸೇನಸಾಬ ಮತ್ತು ಅವನ ಆಳುಗಳು ನಮಾಜಿಗೆಂದು ಗಜೇಂದ್ರಗಡಕ್ಕೆ ಹೋಗುವ ದಿನ. ನಾನೂ ಫಕೀರಪ್ಪನೂ ಎರಡು ಪೀಪಾಯಿ ಸುಣ್ಣ ಕಲಸಿ, ಕೊರೆದಿಟ್ಟ ಕಲ್ಲುಗಳನ್ನು ಒಂದೊಂದಾಗಿ ಉರುಳಿಸಿ, ಆರೂ ಮೈಗೆ ಗಟ್ಟಿಯಾಗಿ ಬಳಿದೆವು. ಸಂಜೆಯ ಹೊತ್ತಿಗೆ ರಾಶಿ ಹಾಲಿನಲ್ಲಿ ಅದ್ದಿ ತೆಗೆದಂತಿತ್ತು. ಹದಿನೇಳು ಚೇಳು ಸತ್ತವು. ನನಗೆ ಆ ಊರಿಗೆ ಬಂದ ಮೇಲೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ.

ಮರುದಿನ ಮುಂಜಾನೆ ಹುಸೇನಸಾಬ ಬಂದು ನಿಂತ. ಕೈಯಲ್ಲಿದ್ದ ಉಳಿಗಳ ಚೀಲ ಕೆಳಗಿಟ್ಟ. ರಾಶಿಯ ಸುತ್ತ ಒಂದು ಸುತ್ತು ಬಂದ. ಆಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದು, ಜೀವಮಾನದಲ್ಲಿ ಯಾರೂ ನನ್ನನ್ನು ಕೂಗಿರದ ಹಾಗೆ ಕೂಗಿದ.

"ಯಾವ ಕೈಲೆ ಬಳದ್ರಿ? ಆ ಕೈ ತೋರಸ್ರಿ! ನನ್ನ ಕಾವಿ ಬೊಟ್ಟು ಎಲ್ಲಿ ಹ್ವಾದುವು?"

ಪ್ರತಿ ಕಲ್ಲಿನ ಒಂದು ಮೈ ಮೇಲೆ ಕೆಂಪು ಕಾವಿಯ ಬೊಟ್ಟು ಇದ್ದದ್ದನ್ನು ನಾನು ನೋಡಿದ್ದೆ. ಏನೋ ಹರಕೆಯ ಗುರುತು, ಇಲ್ಲವೇ ಎಣಿಕೆಯ ಗುರುತು ಎಂದುಕೊಂಡಿದ್ದೆ. ಅದು ಎರಡೂ ಆಗಿರಲಿಲ್ಲ. ಗುಡ್ಡದಲ್ಲಿ ಕಲ್ಲು ಎಬ್ಬಿಸುವ ಮೊದಲೇ ಅದರ ಮೇಲ್ಮೈಗೆ ಬೊಟ್ಟು ಇಡುವುದು ಅವರ ಪದ್ಧತಿ. ಗುಡ್ಡದಲ್ಲಿ ಯಾವ ಮಗ್ಗುಲಿಗೆ ಮಲಗಿತ್ತೋ ಗೋಡೆಯಲ್ಲೂ ಅದೇ ಮಗ್ಗುಲಿಗೆ ಮಲಗಿಸಬೇಕು. ಅವರ ಭಾಷೆಯಲ್ಲಿ ಅದು ಕಲ್ಲಿನ 'ಮಗ್ಗಲ'. ಒಮ್ಮೆ ಚೌಕಾಗಿ ಕೊರೆದ ಮೇಲೆ ಆರು ಮೈಯೂ ಒಂದೇ ರೀತಿ ಕಾಣುತ್ತವೆ. ಬೊಟ್ಟು ಹೋದರೆ ಮಗ್ಗಲ ಹೋಯಿತು.

"ಕಲ್ಲು ಹ್ಯಾಂಗಿಟ್ರೂ ಕಲ್ಲ. ಅದಕ್ಕ ಮಗ್ಗಲ ಏನು, ಹಾಸಿಗಿ ಏನು? ಮೂಢನಂಬಿಕಿ" ಎಂದೆ.

"ಮೂಢನಂಬಿಕಿ? ಬರ್ರಿ ಗುಡ್ಡಕ್ಕ. ಕಣ್ಣ ಇದ್ರ ನೋಡಬರ್ರಿ."

ಸುಮ್ಮನೆ ಒಪ್ಪಿ ಹೋಗಲಿಲ್ಲ. ಅವನ ಸೋಲನ್ನು ಕಣ್ಣಾರೆ ನೋಡಬೇಕೆಂದು ಹೋದೆ. ಕಲ್ಲು ಹೇರುವ ಚಕ್ಕಡಿಯಲ್ಲಿ ಒಂದು ತುದಿಗೆ ಅವನು, ಇನ್ನೊಂದು ತುದಿಗೆ ನಾನು. ಹಾಗೇ ಗಜೇಂದ್ರಗಡದ ಗುಡ್ಡದ ಬುಡ ಮುಟ್ಟಿದೆವು. ಅಲ್ಲಿ ಗುಡ್ಡವನ್ನು ಕಡಿದು ಕಡಿದು ಗೋಡೆಯಂತೆ ನಿಲ್ಲಿಸಿದ್ದರು. ಎಲ್ಲಕ್ಕಿಂತ ಕೆಳಗೆ ಬೂದಿ ಬಣ್ಣದ ಕಗ್ಗಲ್ಲು, ಮೇಲ್ಮೈ ಕೊಳೆತು ಉಗುರಿಗೇ ಉದುರುವಂಥದ್ದು.

"ಇದು ಹಳೇದು" ಎಂದ ಹುಸೇನಸಾಬ. "ರೋಣದಾಗ ಬಾವಿ ತೋಡಿದ್ರ ಎರಿ ಮಣ್ಣಿನ ಕೆಳಗ, ಗರಸಿನ ಕೆಳಗ, ಇದ ಸಿಗತೈತಿ. ಅಲ್ಲೆ ಆಳದಾಗ ಗಟ್ಟಿ ಇರತೈತಿ. ಒಂದ ಮುದ್ದಿ, ಕುದ್ದು ಆರಿದ್ದು. ಇದಕ್ಕ ಮಗ್ಗಲಿಲ್ಲ. ನಿಂದರಸ್ರಿ, ಕುಂದರಸ್ರಿ, ಏನೂ ಅನ್ನೂದಿಲ್ಲ."

ಅದರ ಮೇಲೆ ಮೊಳದಷ್ಟು ದಪ್ಪದ ಒಂದು ಪಟ್ಟಿ. ಅದರ ತುಂಬ ನುಣುಪಾದ ಗುಂಡು ಹರಳುಗಳು, ಉಂಡಿಗೆ ಒತ್ತಿದ ಶೇಂಗಾದ ಹಾಗೆ ಕಲ್ಲಿನೊಳಗೆ ಹೂತಿದ್ದವು. "ಹೊಳೆಮಣ್ಣೂರಿಗೆ ಹೋಗೀರಿಲ್ಲೋ ಮಲಪ್ರಭಾ ದಂಡಿಗೆ? ಅಲ್ಲಿ ಹರಳು ಹ್ಯಾಂಗ ಗುಂಡಗ ಇರತಾವು? ನೀರಾಗ ಉಳ್ಳಿ ಉಳ್ಳಿ. ಇವೂ ಹಂಗ ಉಳ್ಳ್ಯಾವು. ಈ ಗುಡ್ಡ ಆಗೂಕಿಂತ ಮದಲ ಇಲ್ಲಿ ನೀರು ಹರದೈತಿ." ಅದರ ಮೇಲೆ ನಮ್ಮ ದವಾಖಾನೆಯ ಕೆಂಪು ಕಲ್ಲು, ಪದರಿನ ಮೇಲೆ ಪದರು, ಆಳೆತ್ತರ, ಎರಡಾಳೆತ್ತರ, ನೆತ್ತಿಯವರೆಗೆ. ಅವನು ಒಂದು ಹಾಸನ್ನು ಮೀಟುಗೋಲಿನಿಂದ ಎತ್ತಿ ಓರೆಯಾಗಿ ಹಿಡಿದ. ಅದರ ಬೆನ್ನಿನ ಮೇಲೆ ಸಾಲು ಸಾಲು ಗೆರೆ. ಹೊಳೆ ಇಳಿದ ಮೇಲೆ ದಂಡೆಯ ಉಸುಕಿನಲ್ಲಿ ಉಳಿಯುವ ನೀರಿನ ಗೆರೆ. ಮಕ್ಕಳಿಗೆ ಸಿಡುಬಿನ ದೇವಿ ಹಾಕಲು ಹೊಳೆಮಣ್ಣೂರಿಗೆ ಹೋದಾಗ ಅಂಥ ಗೆರೆಗಳ ಮೇಲೆಯೇ ನಾನು ಚಪ್ಪಲಿ ಕೈಯಲ್ಲಿ ಹಿಡಿದು ನಡೆದಿದ್ದೆ.

"ಗೆರಿ ಚೂಪಗ ಇರೂದು ಮ್ಯಾಲಿನ ಮಗ್ಗಲ. ನೀರು ಉಸುಕು ತಂತು, ಹಾಸಿತು. ಮ್ಯಾಲ ಮತ್ತೊಂದ ಹಾಸು ಬಂತು, ಅದರ ಭಾರಕ್ಕ ಇದು ಕಲ್ಲಾತು. ಇದು ಮಲಗಿ ಹುಟ್ಟಿದ್ದ ಕಲ್ಲು ಬಾಯಾರ. ಮಲಗಿದ್ದಾಗ ಊರಿನ ಭಾರ ಹೊರತೈತಿ. ಎಬ್ಬಿಸಿ ನಿಂದರಸಿದ್ರ ಹಾಳಿ ಹಾಳಿ ಬಿಚ್ಚತೈತಿ."

ನಾನು ಗೆರೆಗಳನ್ನು ನೋಡಿದೆ. ಬೆರಳಾಡಿಸಿಯೂ ನೋಡಿದೆ. "ನನಗ ಏನೂ ಕಾಣವಲ್ದು" ಎಂದೆ. ಅವನು ಮೀಟುಗೋಲು ಬಿಟ್ಟ, ಹಾಸು ಧಡ್ಡೆಂದು ಬಿತ್ತು. ಬರುವಾಗ ಅವನು ಚಕ್ಕಡಿ ಹತ್ತದೆ ನಡೆದೇ ಬಂದ.

ಅವನನ್ನು ಮಾತಿನಲ್ಲಿ ಮಣಿಸಲೇಬೇಕೆಂದು ಸಾಲಿಯ ಮಾಸ್ತರರ ಮನೆಗೆ ಹೋಗಿ ಮೇಲಿನ ತರಗತಿಯ ಭೂಗೋಳದ ಪುಸ್ತಕ ಇಸಿದುಕೊಂಡೆ. ಆ ಊರಿನಲ್ಲಿ ಪುಸ್ತಕ ಇಟ್ಟುಕೊಂಡವರು ಅವರೊಬ್ಬರೇ. ಪುಸ್ತಕದಲ್ಲಿ ಇದ್ದದ್ದು ಇಷ್ಟು: ಭೂಮಿಯ ಒಳಗಿನ ಕುದಿಯುವ ರಸ ಆರಿ ಆದದ್ದು ಅಗ್ನಿಶಿಲೆ. ಬಿಸಿಲು, ಮಳೆ, ಗಾಳಿಗೆ ಅದು ಒಡೆದು, ನೀರಿನಲ್ಲಿ ಸಾಗಿ, ಪದರಾಗಿ ನೆಲೆಗೊಂಡು ಗಟ್ಟಿಯಾದದ್ದು ಜಲಜಶಿಲೆ. ಎರಡರಲ್ಲಿ ಯಾವುದೇ ಆಗಲಿ ನೆಲದಾಳದ ಕಾವಿಗೂ ಒತ್ತಡಕ್ಕೂ ಸಿಕ್ಕಿ ಬೇರೆ ರೂಪ ತಾಳಿದರೆ ಅದು ರೂಪಾಂತರ ಶಿಲೆ. ಜಲಜಶಿಲೆ ತನ್ನ ಪದರುಗಳ ಗುಂಟ ಸುಲಭವಾಗಿ ಸೀಳುತ್ತದೆ. ಈ ಕೊನೆಯ ವಾಕ್ಯವನ್ನು ನಾನು ಮೂರು ಸಲ ಓದಿದೆ.

ಮಾಸ್ತರರು ಉತ್ಸಾಹದ ಮನುಷ್ಯ. ಪಾಟಿಯ ಮೇಲೆ ಒಂದು ದುಂಡು ಎಳೆದು ತೋರಿಸಿದರು. "ನಮ್ಮ ಸೀಮಿ ಒಂದ ಮ್ಯೂಝಿಯಂ ಇದ್ದಂಗ ನೋಡ್ರಿ. ಕೆಳಗ ರೋಣದ ಬಾವಿಯೊಳಗ ಬೆಂಕಿ ಕಲ್ಲು. ಗಜೇಂದ್ರಗಡದಾಗ ನೀರಿನ ಕಲ್ಲು. ನರಗುಂದದ ಗುಡ್ಡಕ್ಕ ಹೋಗ್ರಿ, ಅಲ್ಲಿದ್ದದ್ದು ಹಿಂಡಿ ಬೇಯಿಸಿದ ಕಲ್ಲು. ಎಲ್ಲಾನೂ ಮಳಿಗಿ ಕರಗಿ ಹೊಳಿ ಸೇರತಾವು, ಉಸುಕಾಗಿ ಕೂಡತಾವು, ಒತ್ತಿ ಕಲ್ಲಾಗತಾವು, ಕೆಳಗ ಇಳದು ಬೇಯತಾವು, ಕರಗಿ ಮತ್ತ ಮ್ಯಾಲ ಬರತಾವು. ಇದಕ್ಕ ಸುರುವಾತಿಲ್ಲ, ಕಡೀ ಇಲ್ಲ." ಅವರು ದುಂಡಿನ ಮೇಲೆ ಸೀಮೆಸುಣ್ಣವನ್ನು ಸುತ್ತಿಸುತ್ತಲೇ ಇದ್ದರು. ನನಗೆ ಅವರ ದುಂಡು ಬೇಕಾಗಿರಲಿಲ್ಲ, ಅಂತ್ಯ ಆರಂಭ ಇಲ್ಲದ್ದೂ ಬೇಕಾಗಿರಲಿಲ್ಲ. ನನಗೆ ಮಿರಗಕ್ಕೆ ಮೊದಲು ಒಂದು ಮಾಳಿಗೆ ಬೇಕಾಗಿತ್ತು. "ಹುಸೇನಸಾಬನೂ ಇದನ್ನ ಹೇಳತಾನಲ್ರಿ, ಓದು ಬರದಿದ್ರೂ" ಎಂದರು ಮಾಸ್ತರರು. ನಾನು ಪುಸ್ತಕ ಮುಚ್ಚಿ ಅವರ ಕೈಗೆ ಕೊಟ್ಟು ಬಂದೆ. ಓದಿದ್ದನ್ನು ಯಾರಿಗೂ ಹೇಳಲಿಲ್ಲ.

ಆ ವಾರವೇ ದವಾಖಾನೆ ಕಟ್ಟಿಸುವ ಹೊಣೆಯ ಓವರ್ಸಿಯರ್ ಸಾಹೇಬರು ಸೈಕಲ್ಲಿನ ಮೇಲೆ ಬಂದರು. ಮೈಯೆಲ್ಲ ಬೆವರು, ಮೂಗಿನ ತುದಿಗೆ ಸಿಟ್ಟು. ಕೆಲಸ ಬೇಗ ಮುಗಿಸೆಂದು ಮೇಲಿನವರು ಬರೆದು ಬರೆದು ಅವರಿಗೆ ಸಾಕಾಗಿತ್ತು. ಹುಸೇನಸಾಬ ಅವರ ಮುಂದೆ ಎರಡು ಮಾತು ಇಟ್ಟ. ಒಂದು, ಸುಣ್ಣದ ಕಲ್ಲುಗಳನ್ನು ತೊಳೆದು, ನೀರು ಹಾಕಿ, ಪದರು ಹುಡುಕಿ, ಮತ್ತೆ ಬೊಟ್ಟು ಇಡಬೇಕು. ಎರಡು, ಮುಂದಿನ ಪಡಸಾಲೆಯ ಕಂಬಗಳನ್ನು ಈ ಕಲ್ಲಿನಲ್ಲಿ ಮಾಡಲಾಗದು. ನಕ್ಷೆಯಲ್ಲಿ ಒಂದೊಂದು ಕಂಬ ಒಂದೇ ಉದ್ದ ಕಲ್ಲು, ಅಂದರೆ ಮಲಗಿದ ಹಾಸನ್ನು ಎಬ್ಬಿಸಿ ನಿಲ್ಲಿಸುವುದು. ಕಂಬಕ್ಕೆ ರೋಣದ ಕಡೆ ತೋಡುತ್ತಿರುವ ಬಾವಿಯಿಂದ ಕಗ್ಗಲ್ಲು ತರಿಸಬೇಕು. ಎಲ್ಲಾ ಸೇರಿ ಗೊತ್ತು ಮಾಡಿದ ದಿನಕ್ಕಿಂತ ಒಂದೂವರೆ ತಿಂಗಳು ಹೆಚ್ಚು, ಅಂದರೆ ಮಿರಗ ದಾಟಿದ ಮೇಲೆ.

"ಬಾಯಾರ, ನಿಮಗ ಯಾವಾಗ ಬೇಕು?" ಎಂದು ಓವರ್ಸಿಯರ್ ನನ್ನನ್ನು ಕೇಳಿದರು.

"ಮಿರಗ ಕೂಡೂದ್ರಾಗ. ಒಬ್ಬಾಕಿ ಜೀವದ ಪ್ರಶ್ನೆ ಅದ."

ಹುಸೇನಸಾಬ ಅವರನ್ನು ಬಿಟ್ಟು ನನ್ನ ಕಡೆ ತಿರುಗಿದ. ಅವತ್ತು ಅವನ ದನಿಯಲ್ಲಿ ಜಗಳ ಇರಲಿಲ್ಲ. ಅದು ನನಗೆ ಇನ್ನಷ್ಟು ಸಿಟ್ಟು ತಂದಿತು. "ಬಾಯಾರ, ನೀಲವ್ವನ ಹೊಟ್ಟಿ ಮ್ಯಾಲ ಕೈ ಇಟ್ಟು ಕೂಸು ಹ್ಯಾಂಗ ಮಲಗೇತಿ ಅಂತ ಹೇಳ್ತೀರಿ. ನಾವು ನಂಬತೇವಿ. ನಾ ಕಲ್ಲಿನ ಮ್ಯಾಲ ಕೈ ಇಟ್ಟು ಹೇಳಿದ್ದು ನೀವು ಯಾಕ ನಂಬವಲ್ರಿ?"

ಆಗ ನಾನು ಪುಸ್ತಕದ ಮಾತು ಹೇಳಬಹುದಿತ್ತು. ಒಂದೇ ವಾಕ್ಯ. ಓವರ್ಸಿಯರ್ ಗೌಂಡಿಯ ಮಾತು ಕೇಳದಿದ್ದರೂ ಪುಸ್ತಕದ ಮಾತು ಕೇಳುತ್ತಿದ್ದರು. "ಕೂಸಿಗೆ ಜೀವ ಇರತದ. ಕಲ್ಲಿಗೆ ಇರೂದಿಲ್ಲ" ಎಂದೆ.

ಓವರ್ಸಿಯರ್ ಅಪ್ಪಣೆ ಕೊಟ್ಟರು: ಸುಣ್ಣದ ಕಲ್ಲೇ ನಡೆಯಲಿ, ಕಂಬವೂ ಅದರಲ್ಲೇ ಆಗಲಿ. ಹುಸೇನಸಾಬ ಕಂಬಕ್ಕೆ ಕೈ ಹಚ್ಚುವುದಿಲ್ಲ ಎಂದ. ಹಾಗಿದ್ದರೆ ಗದಗಿನಿಂದ ಬೇರೆ ಆಳು ಬರುತ್ತಾರೆ, ಕರಾರು ಪತ್ರದಲ್ಲಿ ಹೆಬ್ಬೆಟ್ಟು ಮಾತ್ರ ನಿನ್ನದೇ ಇದೆ ಎಂದರು ಅವರು. ಅವನು ಕೆಲಸ ಬಿಟ್ಟು ಹೋಗುತ್ತಾನೆ ಎಂದುಕೊಂಡೆ. ಹೋಗಲಿಲ್ಲ. ಹಿಂದಿನ ಹೆರಿಗೆಯ ಕೋಣೆಯನ್ನು ತಾನು ಹಿಡಿದುಕೊಂಡ. ಬೆಳಗಿನಿಂದ ಕತ್ತಲಾಗುವವರೆಗೆ ಕಲ್ಲನ್ನು ಒಂದೊಂದಾಗಿ ತೆಂಗಿನ ನಾರಿನಿಂದ ತಿಕ್ಕಿ ತೊಳೆದು, ಒದ್ದೆ ಮೈಯಲ್ಲಿ ಕೂದಲೆಳೆಯಂಥ ಪದರು ಹುಡುಕಿ, ಬೊಟ್ಟಿಟ್ಟು, ಮಲಗಿಸಿದ. ಮುಂದಿನ ಪಡಸಾಲೆಯಲ್ಲಿ ಗದಗಿನವರು ಹತ್ತು ದಿನದಲ್ಲಿ ಕಂಬ ನಿಲ್ಲಿಸಿ, ತೊಲೆ ಹೇರಿ, ಚಪ್ಪಡಿ ಹಾಸಿ, ಮಳೆ ನೀರು ಇಳಿಯದಂತೆ ಮೇಲೆ ಮೇಲ್ಮುದ್ದೆಯ ಮಣ್ಣು ಹಾಕಿ ತುಳಿದು ಹೋದರು. ನಾನು ಅವರಿಗೆ ಎರಡು ಸಲ ಚಹಾ ಮಾಡಿಸಿ ಕೊಟ್ಟೆ, ಹುಸೇನಸಾಬನಿಗೆ ಕಾಣುವ ಹಾಗೆ. ಅವನಿಗೆ ಒಮ್ಮೆಯೂ ಕೊಡಲಿಲ್ಲ.

ಮೇ ತಿಂಗಳ ಕೊನೆಗೆ ನೀಲವ್ವನ ಹೊಟ್ಟೆ ಮುಟ್ಟಿ ನೋಡಿದೆ. ಎಡಕ್ಕೆ ತಲೆ, ಬಲಕ್ಕೆ ಕುಂಡಿ. ಈ ಕೂಸೂ ಅಡ್ಡ ಮಲಗಿತ್ತು.

ಮಿರಗ ಆ ವರ್ಷ ಹೇಳಿದ ದಿನಕ್ಕೇ ಕೂಡಿತು. ಮೂರು ದಿನ ಬಿಡದೆ ಸುರಿದು ಎರೆ ಹೊಲ ಕೆಸರಾಯಿತು, ಬಸ್ಸು ನಿಂತಿತು, ಹೊಳೆಮಣ್ಣೂರಿನ ಕಡೆ ಹೊಳೆ ದಂಡೆ ಮೀರಿತೆಂದು ಸುದ್ದಿ ಬಂತು. ನಾಲ್ಕನೆಯ ದಿನ ಊಟದ ಹೊತ್ತಿಗೆ ಫಕೀರಪ್ಪ ಹೆಂಡತಿಯನ್ನು ಚಕ್ಕಡಿಯಲ್ಲಿ ಗೋಣಿತಾಟು ಹೊದಿಸಿ ತಂದ. ಬಾಗಿಲಿಗೆ ಇನ್ನೂ ಬಣ್ಣ ಆಗಿರಲಿಲ್ಲ, ಆದರೆ ಕೋಣೆ ಬೆಚ್ಚಗಿತ್ತು, ಒಂದು ಹನಿಯೂ ಸೋರುತ್ತಿರಲಿಲ್ಲ. ನೋವಿನ ನಡುವಿನ ಬಿಡುವಿನಲ್ಲಿ ಎರಡೂ ಅಂಗೈ ಹೊಟ್ಟೆಯ ಮೇಲಿಟ್ಟು, ತಲೆಯನ್ನು ಕೆಳಕ್ಕೆ, ಕುಂಡಿಯನ್ನು ಮೇಲಕ್ಕೆ, ಬೆರಳು ಬೆರಳು ಸರಿಸುತ್ತ ಬಂದೆ. ಹನ್ನೊಂದು ನಿಮಿಷವೋ ನಲವತ್ತು ನಿಮಿಷವೋ, ನಾನು ಗಡಿಯಾರ ನೋಡಲಿಲ್ಲ. ಒಮ್ಮೆಲೇ ಕೂಸು ಹೊರಳಿತು. ನೀಲವ್ವ ಅತ್ತಳು, ನಾನೂ ಅತ್ತೆ. ದೀಪ ಹಚ್ಚುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿ, ಮಾಳಿಗೆ ಹಾರುವಂತೆ ಕೂಗಿತು.

ಆ ಕೂಗು ಹೊರಗೆ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ ಫಕೀರಪ್ಪನಿಗೆ ಕೇಳಿತು. "ಅಳಾಕತ್ತೈತಿ! ಬಾಯಾರ, ಅಳಾಕತ್ತೈತಿ!" ಎಂದು ಅವನು ಕೂಗಿದ್ದು ನನಗೆ ಕೇಳಿತು. ಅದರ ಹಿಂದೆಯೇ ಒಣಗಿದ ಕಟ್ಟಿಗೆ ಸೀಳಿದಂಥ ಸಪ್ಪಳ. ಮೂರು ದಿನದ ನೀರು ಕುಡಿದ ಮಾಳಿಗೆಯ ಮಣ್ಣು ದುಪ್ಪಟ್ಟು ತೂಗುತ್ತಿತ್ತು. ಕಂಬ ಮೇಲಿನಿಂದ ಕೆಳಗಿನವರೆಗೆ ಹಾಳೆ ಹಾಳೆಯಾಗಿ ಬಿಚ್ಚಿ, ಚಪ್ಪಡಿ ಜಾರಿ, ಏಳುತ್ತಿದ್ದ ಫಕೀರಪ್ಪನ ಎಡಗಾಲಿನ ಮೇಲೆ ಬಿತ್ತು. ನಾನು ಹೊಕ್ಕಳ ಬಳ್ಳಿಯ ಕತ್ತರಿ ಹಿಡಿದುಕೊಂಡೇ ಓಡಿ ಬಂದೆ. ಸೀಳಿದ ಕಲ್ಲಿನ ಹಾಳೆಗಳ ಒಳಮೈಯಲ್ಲಿ ನೀರಿನ ಗೆರೆಗಳಿದ್ದವು. ಗುಡ್ಡದಲ್ಲಿ ಕಾಣಲಿಲ್ಲ ಎಂದವಳಿಗೆ ಕಂದೀಲಿನ ಬೆಳಕಿನಲ್ಲಿ ಚೆನ್ನಾಗಿ ಕಂಡವು. ಅವನನ್ನು ದೊಡ್ಡ ದವಾಖಾನೆಗೆ ಒಯ್ಯಲು ಬಸ್ಸು ಹೊರಡುವ ಹೊತ್ತಿಗೆ ಎರಡು ದಿನ ಕಳೆದಿತ್ತು. ಫಕೀರಪ್ಪ ಉಳಿದ. ಮೊಣಕಾಲಿನ ಕೆಳಗೆ ಕಾಲು ಉಳಿಯಲಿಲ್ಲ.

ವಿಚಾರಣೆಗೆ ದೊಡ್ಡ ಸಾಹೇಬರು ಜೀಪಿನಲ್ಲಿ ಬಂದರು. ಮುರಿದ ಪಡಸಾಲೆಯ ಮುಂದೆ ಕುರ್ಚಿ ಹಾಕಿಸಿದರು. ಓವರ್ಸಿಯರ್ ಮೊದಲೇ ಹೇಳಿ ಆಗಿತ್ತು: ಗೌಂಡಿಯ ಕೆಲಸ, ಗೌಂಡಿಯ ಹೆಬ್ಬೆಟ್ಟು, ಗೌಂಡಿ ತನಗೆ ಏನೂ ಹೇಳಿರಲಿಲ್ಲ. ಹುಸೇನಸಾಬ ಕೈಕಟ್ಟಿ ನಿಂತಿದ್ದ. "ಕಂಬಕ್ಕ ನಾ ಕೈ ಹಚ್ಚಿಲ್ರಿ. ಈ ಕಲ್ಲು ನಿಂದರಸಬಾರದು ಅಂತ ಮದಲ ಹೇಳೇನ್ರಿ. ಬಾಯಾರ ಇದ್ರು, ಅವರನ್ನ ಕೇಳ್ರಿ. ಅವರು ಬುಕ್ಕಿನಾಗೂ ಓದ್ಯಾರಂತ, ಮಾಸ್ತರ ಹೇಳಿದ್ರು."

ಸಾಹೇಬರು ನನ್ನ ಕಡೆ ನೋಡಿದರು. "ಹೌದೇನು? ನಿಮ್ಮ ಮುಂದ ಹೇಳಿದ್ನೇನು?"

ಹೌದು ಎಂದರೆ ಮುಂದಿನ ಪ್ರಶ್ನೆ ಏನೆಂದು ನನಗೆ ಗೊತ್ತಿತ್ತು. ಮತ್ತೆ ಯಾಕೆ ಸುಮ್ಮನಿದ್ದಿರಿ? ಅದರ ಹಿಂದೆ ಸುಣ್ಣ ಬರುತ್ತಿತ್ತು, ಸುಣ್ಣದ ಹಿಂದೆ ಪುಸ್ತಕ, ಪುಸ್ತಕದ ಹಿಂದೆ ನನ್ನ ನೌಕರಿ, ನೌಕರಿಯ ಹಿಂದೆ ಹುಬ್ಬಳ್ಳಿಯಲ್ಲಿ ನನ್ನನ್ನು ನಂಬಿ ಕೂತ ತಾಯಿ. ಇವೆಲ್ಲ ಆಮೇಲೆ ನಾನು ಜೋಡಿಸಿಕೊಂಡ ಕಾರಣಗಳು ಎಂದು ಕೆಲವು ಸಲ ಅನಿಸುತ್ತದೆ. ಆ ಹೊತ್ತಿಗೆ ನನ್ನೊಳಗೆ ಇದ್ದದ್ದು ಒಂದೇ: ಅವನು ಗೆದ್ದ, ಅದು ನನಗೆ ಸ್ಪಷ್ಟವಾಗಿ ಗೊತ್ತಿತ್ತು, ಅದನ್ನು ಹತ್ತು ಜನರ ಮುಂದೆ ನನ್ನ ಬಾಯಿಂದ ಹೇಳಲಾರೆ.

"ನನ್ನ ಮುಂದ ಏನೂ ಹೇಳಿಲ್ರಿ" ಎಂದೆ.

ಆಳುಗಳಲ್ಲಿ ಒಬ್ಬ ಏನೋ ಹೇಳಹೋದ, ಹುಸೇನಸಾಬ ಕೈ ಅಡ್ಡ ಹಿಡಿದು ತಡೆದ. ಮುಂದೆ ಹುಸೇನಸಾಬನಿಗೆ ಎಲ್ಲೂ ಸರಕಾರಿ ಕೆಲಸ ಸಿಗಲಿಲ್ಲವೆಂದೂ, ನರಗುಂದದ ಕಡೆ ಬೇಲಿಗೆ ಕಲ್ಲು ಒಟ್ಟುತ್ತ ಉಳಿದನೆಂದೂ ವರ್ಷಗಳ ಮೇಲೆ ಕೇಳಿದೆ. ನಾನು ಹೋಗಿ ಮಾತಾಡಿಸಲಿಲ್ಲ. ನನಗೆ ಬೇರೆ ಊರಿಗೆ ವರ್ಗವಾಯಿತು, ಆಮೇಲೆ ಬಡ್ತಿಯೂ ಆಯಿತು.

ಕಾರಕೂನ ಹೇಳಿಕೆ ಬರೆದು ಮುಗಿಸಿದ. ಓದು ಬಾರದವನ ಹೆಬ್ಬೆಟ್ಟು ಹಾಕಿಸುವ ಮೊದಲು ಅವನಿಗೆ ಓದಿ ಹೇಳಬೇಕೆಂಬ ನಿಯಮವಿತ್ತು. ಕಾರಕೂನನಿಗೆ ಕೆಮ್ಮು. ಸಾಹೇಬರು ಕಾಗದವನ್ನು ನನ್ನ ಕೈಗೆ ಕೊಟ್ಟರು. ನಾನು ಓದಿದೆ. ಕಲ್ಲನ್ನು ಆರಿಸುವಲ್ಲಿ ನನ್ನ ನಿಷ್ಕಾಳಜಿ ಕಾರಣವೆಂದೂ, ಯಾರಿಗೂ ಮುನ್ಸೂಚನೆ ಕೊಟ್ಟಿಲ್ಲವೆಂದೂ, ಹುಸೇನಸಾಬನ ಮಾತಾಗಿ, ನನ್ನ ದನಿಯಲ್ಲಿ, ಕೊನೆಯ ಸಾಲಿನವರೆಗೆ ಓದಿದೆ. ಅವನು ನೆಲ ನೋಡುತ್ತ ಪೂರಾ ಕೇಳಿಸಿಕೊಂಡ. ಶಾಯಿಯ ಗಾದಿಯ ಮೇಲೆ ಹೆಬ್ಬೆರಳು ಒತ್ತಿ, ಕಾಗದದ ಮೇಲೆ ಇಡುವ ಮೊದಲು ಒಮ್ಮೆ ತಲೆ ಎತ್ತಿದ.

"ಕೂಸು ಚಲೋ ಐತೇನ್ರಿ ಬಾಯಾರ?"

"ಐತಿ" ಎಂದೆ. ಆ ದಿನ ನನ್ನ ಬಾಯಿಂದ ಬಂದ ಖರೇ ಮಾತು ಅದೊಂದೇ.